ಅರ್ಥ್ ಇಲ್ಲ

ಬಿಣಗಾದ ತನಕ ತಂಪು, ಅಂದ ಶಾಂಬಾ ಹರಿಕಂತ್ರ,
ಅರ್ಗಾದ ತಿರುವಿಗೆ ಬಂದರೆ ಸತ್ತೇಹೋಗ್ತದೆ.
ಅಂಕೋಲೆ ಮುಟ್ಟುವಾಗ ಹಿಂದಿನ ಸೀಟಲ್ಲಿ ಡಾಕ್ಟರ್ ಬಾಯಿ
ರೋಗಿಗಳ ಫೈಲಿನಿಂದಲೇ ಗಾಳಿ ಹಾಕ್ಕೊಳ್ತಿರ್ತಾರೆ.
ಗುಂಡಿಗೆ ಇಳಿದು ಎದ್ದರೆ ಒಮ್ಮೊಮ್ಮೆ
ತಾನಾಗೇ ಬರ್ತದೆ ಮಾರಾಯ,
ಮುನಿಸಿಕೊಂಡ ಅಳಿಯ ಊಟಕ್ಕೆ ಎದ್ದು ಬಂದ ಹಾಗೆ.

ಕೋಡಿಬಾಗದ ನನ್ನ ಶೆಡ್ಡಿನಲ್ಲಿ ನಿಲ್ಲಿಸಿದ್ದೇ
ಅದು ಶುದ್ಧ ಸಂಭಾವಿತ.
ಬ್ಲೋವರ್ ತಿರುಗಿತು, ಕಂಪ್ರೆಸರ್ ಟಕ್ಕೆಂದಿತು,
ಶಾಂಬಾನ ಮುಂಗೈ ರೋಮ ಎದ್ದು ನಿಂತಿತು.
ನೋಡು, ನಿನ್ನೆದುರು ಮಾತ್ರ ಹೀಗೆ, ಅಂದ,
ಡಾಕ್ಟರ ಮುಂದೆ ನೋವಿನ ಜಾಗ ಮರೆತವನ ಮುಖದಲ್ಲಿ.

ಇಂಥದಕ್ಕೆ ಕಾಯಬೇಕು.
ಇನಾಸ ಮೇಸ್ತ್ರಿ ನನಗೆ ಮೊದಲು ಕಲಿಸಿದ್ದೇ ಅದನ್ನ:
ಕೈ ತೊಳೆ, ಚಹಾ ಕುಡಿ, ಫಾಲ್ಟು ತಾನೇ ಮಾತಾಡಲಿ;
ಬಿಚ್ಚುವ ಅವಸರ ಇದ್ದವ ಗುಜರಿ ಅಂಗಡಿ ಇಡಲಿ.

ಕುಡಿದೆವು. ಕಾಳಿ ಸೇತುವೆಯ ಮೇಲೆ
ಗೋವೆಯ ಲಾರಿಗಳು ಗುಡುಗುಟ್ಟಿ ಹೋದವು.
ಇಪ್ಪತ್ತನೆಯ ನಿಮಿಷಕ್ಕೆ ಬ್ಲೋವರ್ ಏದುಸಿರುಬಿಟ್ಟಿತು,
ದಮ್ಮಿನವರ ಹಾಗೆ
ಒಂದೊಂದೇ ಸುತ್ತು.

ಫ್ಯೂಸು ನೋಡಿದೆ, ತಂತಿ ಗಟ್ಟಿ.
ಹಾರ್ನಿನ ರಿಲೇ ಕಿತ್ತು ಅದರ ಜಾಗಕ್ಕೆ ಚುಚ್ಚಿದೆ;
ಹಾರ್ನು ಮೂಕಾಯಿತು, ಬ್ಲೋವರಿಗೆ ದನಿ ಬರಲಿಲ್ಲ.
ಮೋಟರಿನ ಹೊಸ್ತಿಲಿಗೆ ಹನ್ನೆರಡು ವೋಲ್ಟು
ತಪ್ಪದೆ ಬಂದು ನಿಂತಿದೆ.
ಬಂದದ್ದು ಬಂದಿದೆ. ಮರಳುವ ದಾರಿ?
ಮೀಟರಿನ ಕೆಂಪು ಮೊನೆ ಮೋಟರಿನ ಕರಿ ವೈರಿಗೆ,
ಕಪ್ಪು ಮೊನೆ ಬ್ಯಾಟರಿಯ ಮೈನಸ್ಸಿಗೆ.
ಸೊನ್ನೆಯ ಆಸುಪಾಸು ಇರಬೇಕಾದಲ್ಲಿ
ಏಳೂವರೆ.
ಶನಿಯ ಲೆಕ್ಕ.

ನಮ್ಮ ಕಸುಬಿನಲ್ಲಿ ಇದಕ್ಕೆ ಅರ್ಥ್ ಇಲ್ಲ ಅನ್ನುತ್ತೇವೆ.
ಶೆಡ್ಡಿನ ಹುಡುಗ ನವೀದ ಒಮ್ಮೆ ಬಿಲ್ಲಿನಲ್ಲಿ
'ಗಾಡಿಗೆ ಅರ್ಥ ಇಲ್ಲ' ಎಂದು ಬರೆದುಕೊಟ್ಟಿದ್ದ.
ಬ್ಯಾಂಕ್ ಮ್ಯಾನೇಜರೊಬ್ಬರು ದುಡ್ಡು ಎಣಿಸುವ ಮೊದಲು
ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಿದ್ದರು.

ವೈರು ಹಿಡಿದು ಹೋದೆ. ಎಡ ಸೀಟಿನ ಮುಂದೆ
ಕಾಲಿಡುವ ಜಾಗ; ಕಾರ್ಪೆಟ್ಟು ಎತ್ತಿದರೆ
ಅಡಿಯಲ್ಲೊಂದು ಬೋಲ್ಟು
ಹಸಿರು ಹೂ ಬಿಟ್ಟು ಕೂತಿತ್ತು.
ಉಗುರಿನಲ್ಲಿ ಕೆರೆದೆ, ನಾಲಿಗೆ ತುದಿಗೆ ಹಚ್ಚಿ ಉಗುಳಿದೆ.
ಉಪ್ಪು.
ಉಪ್ಪು ಕಾರವಾರಕ್ಕೇನು ಹೊಸತಲ್ಲ,
ಕಿಟಕಿಯ ಸರಳು, ಸೈಕಲ್ಲಿನ ಚೈನು, ನನ್ನ ಇಕ್ಕಳದ ಕೀಲು
ಎಲ್ಲ ಅದರ ಬಾಯಿಗೇ.
ಆದರೆ ಬೋಲ್ಟಿನ ತಲೆಗೆ ಅಂಟಿಕೊಂಡು
ಟಾರ್ಚಿನ ಬೆಳಕಿಗೆ ಮಿಣುಕಿತು ಒಂದು ಹುರುಪೆ.
ತಾರ್ಲೆಯದು.
ತಾರ್ಲೆ ಗಾಳಿಯಲ್ಲಿ ಹಾರಿ ಬರುವುದಿಲ್ಲ.

ಶಾಂಬಾ ರಸ್ತೆಯ ಕಡೆ ನೋಡಿದ.
ವೈನಿಯ ಬುಟ್ಟಿ, ಅಂದ. ಬೈತಖೋಲದಿಂದ ಪೇಟೆಗೆ.
ಬೆಳಗಿನ ನಾಲ್ಕಕ್ಕೆ ರಿಕ್ಷಾದವರು ಮೀನು ಹತ್ತಿಸೋದಿಲ್ಲ.
ಅಣ್ಣ ಹೋದಮೇಲೆ
ಆಕೆಗೂ ಹೊರಲಿಕ್ಕೆ ಆಗ್ತಿಲ್ಲ.
ಡಿಕ್ಕಿಯಲ್ಲಿಟ್ಟರೆ ಹಿಂದೆ ಕೂತವರ ಮೂಗಿಗೆ ಬಡೀತದೆ ಅಂತ
ಮುಂದೆ ಇಟ್ಕೊಂಡೆ.
ದಿನಾ ಊದುಬತ್ತಿ ಹಚ್ತೇನೆ.

ನಾನೇನೂ ಅನ್ನಲಿಲ್ಲ. ಮರಳುಕಾಗದದಲ್ಲಿ
ತಾಮ್ರ ಕೆಂಪಾಗುವ ತನಕ ಉಜ್ಜಿದೆ,
ಹೊಸ ಲಗ್ಗು ಹಾಕಿ ಬಿಗಿದೆ, ಮೇಲೆ ಗ್ರೀಸು ಬಳಿದೆ.
ಮೀಟರು ಇಳಿಯಿತು: ಸೊನ್ನೆ ಪಾಯಿಂಟ್ ಸೊನ್ನೆ ಎಂಟು.
ಪೂರ್ತಿ ಸೊನ್ನೆ ಈ ಊರಲ್ಲಿ ನಾನು ಕಂಡದ್ದಿಲ್ಲ.
ಬಿಲ್ಲು ನಾನೇ ಬರೆದೆ:
ಕಡಲಗಾಳಿ, ತುಕ್ಕು, ನಾನೂರೈವತ್ತು.

ಸಂಜೆ ಫೋನು. ಡಾಕ್ಟರ್ ಬಾಯಿ.
ಕಡಲಗಾಳಿ ಕಾರ್ಪೆಟ್ಟಿನ ಅಡಿಗೂ ಹೋಗ್ತದೋ?
ಹೋಗ್ತದೆ ಬಾಯಿ, ಅಂದೆ.
ಆ ತುದಿಯಲ್ಲಿ ಸ್ವಲ್ಪ ಹೊತ್ತು ಸದ್ದಿಲ್ಲ.
ಆಮೇಲೆ, ಸರಿ.

ಮುಂದಿನ ತಿಂಗಳು ಬ್ರೇಕ್ ಲೈಟಿನ ಬಲ್ಬಿಗೆ ಬಂದಾಗ
ಎಡ ಸೀಟಿನ ಮುಂದೆ ಒಂದು ಎನಾಮಲ್ ಟ್ರೇ,
ಆಸ್ಪತ್ರೆಯದು, ಅಂಚು ಎತ್ತರದ್ದು,
ಜಾಗಕ್ಕೆ ಅಳೆದು ತಂದ ಹಾಗೆ ಕೂತಿದೆ.

ಕೊಡೆ ಇಡಲಿಕ್ಕಂತೆ, ಅಂದ ಶಾಂಬಾ.
ನೀರು ಸೋರಬಾರದಲ್ಲ, ಅಂದ್ರಂತೆ.

ಹೊರಗೆ ಮಾರ್ಚಿನ ಬಿಸಿಲು
ಡಾಂಬರು ಕರಗಿಸುತ್ತಿತ್ತು.